ಕಣಿಕೆ ಹಾಕಿದ ಅನ್ನ

ಮಗಳ ಶಾಲೆಯಲ್ಲಿ ಊಟದ ದಿನ ಇತ್ತು. ಪ್ರತಿಯೊಬ್ಬರೂ ತಮ್ಮೂರಿನ ಅಡುಗೆ ತರಬೇಕಂತೆ. "ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಕೊಡ್ತೀನಿ" ಅಂದೆ. "ಅದು ನಿನ್ನೂರಿಂದು ಅಮ್ಮಾ. ನನ್ನೂರಿಂದು ವಾಚೆ" ಅಂದುಬಿಟ್ಟಳು!

ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ... ಆದ್ರೆ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? 2013ರಿಂದ 2018ರವರೆಗೆ ನಾವು ಘಾನಾದ ಅಕ್ರಾದಲ್ಲಿದ್ದೆವು. ಅವಳು ನಡೆಯೋದು, ಮಾತಾಡೋದು ಕಲಿತದ್ದೆಲ್ಲ ಅಲ್ಲೇ. ಬಾಗಲಕೋಟೆಯನ್ನು ಅವಳು ನೋಡಿರೋದು ರಜೆಯಲ್ಲಿ ಮಾತ್ರ.

ವಾಚೆ ಅಂದ್ರೆ ಅಕ್ಕಿ, ಅಲಸಂದೆ ಕೂಡಿಸಿ ಬೇಯಿಸಿದ ಕೆಂಪು-ಕಂದು ಅನ್ನ. ಹೌಸಾ ಭಾಷೆಯ ಹೆಸರು, ಕಾಳು ಅಂತ ಅರ್ಥ. ನಮ್ಮ ಬೀದಿ ತಿರುವಿನಲ್ಲಿ ಒಬ್ಬ ಆಂಟಿ ಬೆಳಿಗ್ಗೆ ದೊಡ್ಡ ಪಾತ್ರೆ ಇಟ್ಟುಕೊಂಡು ಕೂರ್ತಿದ್ದರು. ಮೀನು, ಮಾಂಸ, ಮೊಟ್ಟೆ, ಶಾವಿಗೆ, ಶಿಟೋ ಅನ್ನೋ ಕಪ್ಪು ಖಾರ ಎಲ್ಲ ಇರ್ತಿತ್ತು. ನಮಗೆ ಮಾತ್ರ ಬರೀ ಅನ್ನ, ಮರಗೆಣಸಿನ ಗಾರಿ, ಕರಿದ ಬಾಳೆ. ಅಗಲವಾದ ಹಸಿರೆಲೆಯಲ್ಲಿ ಕಟ್ಟಿ ಮಗಳ ಕೈಗೇ ಕೊಡ್ತಿದ್ದರು.

ಸರಿ, ಈ ಲಂಡನ್ನಿನಲ್ಲಿ ನನ್ನ ಮೊದಲ ಪ್ರಯತ್ನ. ಒಂದು ಲೋಟ ಅಲಸಂದೆಗೆ ಎರಡು ಲೋಟ ಅಕ್ಕಿ. ಬಣ್ಣಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದೆ. ಬಂದದ್ದು ಕೆಸರಿನ ಬಣ್ಣ. ಮಗಳು ಒಂದೇ ಚಮಚ ತಿಂದು, "ಇದು ಕಾಳಿನ ಅನ್ನ ಅಷ್ಟೇ" ಅಂದಳು.

ಶನಿವಾರ ಪೆಕ್ಕಮ್‌ಗೆ ಹೋದೆ. ಅಲ್ಲಿ ಪಶ್ಚಿಮ ಆಫ್ರಿಕಾದವರ ಅಂಗಡಿಗಳು ಸಾಲಾಗಿವೆ. "ವಾಚೆ ಎಲೆ" ಅಂತ ಕೇಳಿದರೆ ಒಣಗಿದ ಕೆಂಪು ಎಲೆಗಳ ಕಟ್ಟೊಂದನ್ನ ಕೈಗಿಟ್ಟರು. ಮೂಸಿ ನೋಡಿದೆ... ಅರೆ! ಇದು ಜೋಳದ ಎಲೆ! ದಂಟನ್ನು ಸುತ್ತಿಕೊಂಡಿರುತ್ತಲ್ಲ, ಅದು. ಬಣ್ಣಕ್ಕಾಗಿಯೇ ಬೆಳೆಯೋ ಬೇರೆ ತಳಿಯಂತೆ, ನಮ್ಮ ಬಿಳಿಜೋಳದ್ದಲ್ಲ. ಆದರೂ ನಿಂತಲ್ಲೇ ಅಪ್ಪನ ಕಣಿಕೆಯ ಬಣವೆ ಕಣ್ಮುಂದೆ ಬಂತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯ ಶಿವನ! ಎತ್ತು ತಿನ್ನೂ ಕಣಿಕಿ ಅನ್ನದಾಗ ಹಾಕ್ತೀ ಏನವಾ?" ಅಂತ ನಕ್ಕಿದ್ದೇ ನಕ್ಕಿದ್ದು. "ಅವ್ವಾ, ಜೋಳ, ಅಲಸಂದಿ ಎರಡೂ ಸಾವಿರಾರು ವರ್ಷದ ಹಿಂದ ಆಫ್ರಿಕಾದಿಂದನ ನಮ್ಮ ಕಡೆ ಬಂದಾವು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಕೂಸು ಹೇಳಿದ್ದು ಖರೇನ ಬಿಡು. ಮಾಡಿಕೊಡು" ಅಂದಳು.

ಈ ಸಲ ನೆನೆಸಿದ ಅಲಸಂದೆ ಜೊತೆ ತೊಳೆದ ಎಲೆ ಹಾಕಿ ಕುದಿಸಿದೆ. ನೀರು ನೋಡನೋಡುತ್ತ ಕಡುಗೆಂಪಾಯ್ತು. ಕಾಳು ಅರ್ಧ ಬೆಂದ ಮೇಲೆ ಅಕ್ಕಿ, ಉಪ್ಪು. ಕೊನೆಗೆ ಎಲೆ ತೆಗೆದು, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಬಿಟ್ಟೆ. ಮಗಳು ಮುಚ್ಚಳ ತೆಗೆದು ಮೂಸಿದಳು. ತಿಂದಳು. ಮತ್ತೊಂದು ಚಮಚ ತಿಂದಳು.

"ಸರಿಯಾಗಿದೆ ಅಮ್ಮಾ. ಆದ್ರೆ ಕಟ್ಟೋ ಎಲೆ ಎಲ್ಲಿ?"

ತಮಿಳರ ಅಂಗಡಿಯಿಂದ ಬಾಳೆ ಎಲೆ ತಂದು ಕಟ್ಟಿಕೊಟ್ಟೆ. ಡಬ್ಬಿ ಖಾಲಿಯಾಗಿ ಬಂತು :) ಎಣ್ಣೆಗಾಯಿ ನಾವಿಬ್ಬರೇ, ಗಂಡ ಹೆಂಡತಿ, ಎರಡು ದಿನ ತಿಂದೆವು.

ನಿಮ್ಮ ಮಕ್ಕಳು "ನಮ್ಮೂರ ಊಟ" ಅಂದರೆ ಯಾವುದನ್ನ ಹೇಳ್ತಾರೆ? ಕೇಳಿ ನೋಡಿದ್ದೀರಾ?