ಕಾಗದ ಸುಟ್ಟವನ ಮಾತು

ಹೋದ ವರ್ಷ ಹತ್ತನೇ ತರಗತಿಯ ನೋಟ್ ಪುಸ್ತಕ ತಿದ್ದುತ್ತಿದ್ದಾಗ ಒಂದು ಕಾಗದ ಕೆಳಕ್ಕೆ ಬಿತ್ತು. ಹುಡುಗ ಹುಡುಗಿಗೆ ಬರೆದದ್ದು. ನೀನು ಸಿಗದಿದ್ದರೆ ಸಾಯುತ್ತೇನೆ, ಇದೇ ನಿಜವಾದ ಪ್ರೀತಿ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಎತ್ತಿಕೊಂಡು ಓದಿ ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಹುಡುಗ ಯಾವ ಪೈಕಿ?"

ಹದಿನೈದು ವರ್ಷದ ಮಕ್ಕಳ ಪ್ರೀತಿಗೆ ನಾವು ದೊಡ್ಡವರು ಕೇಳುವ ಮೊದಲ ಪ್ರಶ್ನೆ ಇದು. ನನಗೆ ಕೋಪ ಬಂತು. ಆದರೆ ಬಾಯಿ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ಒಂದು ಸಲ ನಾನೂ ಕೇಳಿದ್ದೆ.

ಪಿಯುಸಿ ಓದುವಾಗ ನಾನು ಹಾಸ್ಟೆಲ್ ಹುಡುಗ. ಆ ಊರಿನ ಮೇಲುಬೀದಿಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲೇ ಇದ್ದಳು. ನನ್ನ ನೋಟ್ಸು ಅವಳಿಗೆ, ಅವಳ ಡಬ್ಬಿಯ ಚಪಾತಿ ನನಗೆ. ಅದಕ್ಕೊಂದು ಹೆಸರಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಂದಿನ ನೋಟ್ಸು ಕೊಡಲು ಅವಳ ಮನೆತನಕ ಹೋದೆ. ಬಿಸಿಲಿತ್ತು, ನೀರು ಕೇಳಿದೆ. ಅವರಮ್ಮ ನನ್ನನ್ನು ಜಗಲಿ ಕೆಳಗೆ ನಿಲ್ಲಿಸಿ, ಚೊಂಬು ಎತ್ತಿ ಹಿಡಿದು ಬೊಗಸೆಗೆ ಹುಯ್ದರು. ಅವಳು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಕಾಲೇಜಿನಲ್ಲಿ ಅತ್ತಳು. ಅಳು ನಿಜವೇ ಇದ್ದೀತು. ಆದರೆ ಹೊಸಿಲು ದಾಟದ ಅಳು ಅದು.

ಆ ನೀರಿನ ಕಥೆಯನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ! ಜೊತೆಗೆ ಕಲ್ಯಾಣದ ಕಥೆ: ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಅಪ್ಪಂದಿರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದ ಕಥೆ. 1936ರಲ್ಲಿ ಬಾಬಾಸಾಹೇಬರು ಲಾಹೋರಿನ ಸಭೆಗೆಂದು ಒಂದು ಭಾಷಣ ಬರೆದರು. ಕರೆದವರೇ ಹಿಂಜರಿದು ಸಭೆ ರದ್ದು ಮಾಡಿದಾಗ ಅದನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಜಾತಿ ಒಡೆಯಲು ಸಹಭೋಜನ ಸಾಲದು, ಜಾತಿ ಮೀರಿದ ಮದುವೆಯೇ ಮದ್ದು ಅಂತ ಅದರಲ್ಲಿ ಹೇಳಿದ್ದಾರೆ. ಅದನ್ನೂ ಮೈಕಿನಲ್ಲಿ ಕೂಗಿ ಹೇಳಿದವನು ನಾನು.

ಅದೇ ದಿನಗಳಲ್ಲಿ ಒಂದು ಸಂಜೆ ಊರಿಗೆ ಹೋದಾಗ ಅವ್ವ ಒಂದು ಕಾಗದ ಕೈಗಿಟ್ಟಳು. "ನೋಡ್ಲಾ, ನಿನ್ ತಂಗಿ ಪುಸ್ತಕದಾಗಿತ್ತು. ನಂಗೆ ಓದಕ್ ಬರಕಿಲ್ಲ." ತಂಗಿಗೆ ಆಗ ಹದಿನಾರು. ಓದಿ ನಾನು ಕೇಳಿದ್ದು ಒಂದೇ ಮಾತು: "ಯಾವ ಕೇರಿಯೋನು?"

ನಮ್ಮೂರಲ್ಲಿ ದಲಿತರದೇ ಎರಡು ಕೇರಿ. ನಮ್ಮದು ಹೊಲಗೇರಿ, ಅವನದು ಮಾದಿಗರ ಕೇರಿ. ನಡುವೆ ಒಂದು ಹಳ್ಳ. ಊರಿನವರಿಗೆ ಇಬ್ಬರೂ ಮುಟ್ಟಬಾರದವರೇ. ಆದರೂ ನಮ್ಮವರು ಅವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ನಾನು ಆ ಕಾಗದವನ್ನು ಒಲೆಗೆ ಹಾಕಿದೆ. ತಂಗಿಯ ಕೆನ್ನೆಗೆ ಹೊಡೆದೆ. ಅವಳ ಓದು ನಿಂತಿತು. ವರ್ಷದೊಳಗೆ ಮದುವೆ. ಹೆಣ್ಣಿನ ಮದುವೆಯ ವಯಸ್ಸನ್ನು 1978ರಲ್ಲೇ ಹದಿನೆಂಟಕ್ಕೆ ಏರಿಸಿದ್ದರೆಂದು ಓದಿದವನಾದ ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಬಹಳ ವರ್ಷದ ಮೇಲೆ ತಂಗಿ ಕೇಳಿದಳು: "ಅಣ್ಣ, ಆವಮ್ಮ ನಿಂಗೆ ಎತ್ತಿ ನೀರು ಹುಯ್ದಿದ್ದ ಊರೆಲ್ಲಾ ಹೇಳ್ಕಂಡ್ ಬಂದೆ. ಆ ಹುಡ್ಗ ನಮ್ಮನೆಗೆ ಬಂದಿದ್ರೆ ನೀನ್ ಎಂಗೆ ಹುಯ್ತಿದ್ದೆ?" ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅದಕ್ಕೇ ಈ ಸಲ ಕಾಗದ ಸುಡಲಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಮಾತಾಡಿಸಿದೆ. "ನಿಜವಾದ ಪ್ರೀತಿ ಅಂದ್ರೇನಪ್ಪ?" ಅಂದೆ. "ಪ್ರಾಣ ಕೊಡದು ಸಾರ್" ಅಂದ ಹುಡುಗ. ಸಿನಿಮಾ ಕಲಿಸಿದ ಪಾಠ. ಹುಡುಗಿ ತಲೆ ಎತ್ತದೆ ಹೇಳಿದಳು: "ನಾನು ಬೇಡ ಅಂದ್ರೆ ಸಾಯ್ತೀನಿ ಅಂತಾನೆ ಸಾರ್. ಭಯ ಆಯ್ತದೆ."

ಹೆದರಿಸಿ ಪಡೆಯುವುದು ಗೌಡಿಕೆ, ಪ್ರೀತಿಯಲ್ಲ. ಹುಡುಗನಿಗೆ ಹೇಳಿದೆ: ಪ್ರಾಣ ಕೊಡಬೇಡ ಮಗ, ಅದನ್ನು ತೆಗೆಯೋಕೆ ಈ ನಾಡಲ್ಲಿ ಬೇಕಾದಷ್ಟು ಜನ ಕಾದಿದ್ದಾರೆ. ಅವಳು ಬೇಡ ಅಂದರೆ ಕೇಳಿಸಿಕೊಳ್ಳುವ ಕಿವಿ ಕೊಡು, ಸಾಕು. ಕಾನೂನನ್ನೂ ಹೇಳಿದೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮಕ್ಕಳ ರಕ್ಷಣೆಗೆಂದು ಬಂದ ಕಾನೂನು ಅದು, ಬೇಕಾದದ್ದೇ. ಆದರೆ ಜಾತಿ ಬೇರೆಯಾದಾಗ ಅದೇ ಮನೆಯವರ ಕೈಯ ದೊಣ್ಣೆಯೂ ಆಗುತ್ತದೆ. ವಯಸ್ಸು ತುಂಬಿ, ಇಬ್ಬರೂ ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು. ಅಲ್ಲಿತನಕ ಓದಿ, ಕಾಲಮೇಲೆ ನಿಲ್ಲಿ. ಕಾಯಲಾರದ್ದು ಎಂಥ ಪ್ರೀತಿ?

ಕಾಗದವನ್ನು ಹುಡುಗಿಗೇ ಕೊಟ್ಟೆ. "ಇದು ನಿಂದು. ಇಟ್ಕಳದೋ ಹರಿಯದೋ ನೀನೇ ಹೇಳ್ಬೇಕು" ಅಂದೆ. ಅವಳು ಏನು ಮಾಡಿದಳೋ ಕೇಳಲಿಲ್ಲ. ಪರೀಕ್ಷೆಗೆ ಇಬ್ಬರೂ ಕೂತರು.

ನಿಜವಾದ ಪ್ರೀತಿ ಏನೆಂದು ನನ್ನನ್ನು ಕೇಳಿದರೆ ಇಷ್ಟೇ ಹೇಳಬಲ್ಲೆ. ಬಾಗಿಲ ಸಂದಿಯಿಂದ ಈಚೆ ಬಂದು, ಎಲ್ಲರ ಎದುರಿಗೆ ಚೊಂಬನ್ನು ಕೈಗೆ ಕೊಡುವುದು. ಅವಳಿಗೆ ಅದು ಆಗಲಿಲ್ಲ. ತಂಗಿಗೆ ಆಗುತ್ತಿತ್ತೇನೋ, ನಾನು ಬಿಡಲಿಲ್ಲ.

ಮೇಷ್ಟ್ರಾದ ಗೆಳೆಯರೇ, ನಿಮ್ಮ ಕೈಗೂ ಇಂಥ ಕಾಗದ ಸಿಕ್ಕೀತು. ಪೈಕಿ ಕೇಳಬೇಡಿ. ಒಲೆಗೂ ಹಾಕಬೇಡಿ.