ಮಲಗಿದ ಚೀಲವೂ ಊಟ ಬೇಡುತ್ತದೆ!

ಸಹೋದರಿಯರೇ, "ಹೋಲ್‌ಸೇಲ್ ಅಂಗಡಿಯವರು ನೀವು, ನಿಮಗೇನ್ರೀ ಕಡಿಮಿ!" ಎಂಬ ಮಾತನ್ನು ಮದುವೆ ಮನೆಗಳಲ್ಲಿ ನಾನು ಎಷ್ಟು ಸಲ ಕೇಳಿಲ್ಲ! ಗೋದಾಮಿನ ತುಂಬ ಅಕ್ಕಿ, ಬೇಳೆ, ಸಕ್ಕರೆಯ ಚೀಲಗಳನ್ನು ಕಂಡವರಿಗೆ ಅದೆಲ್ಲ ಸಂಪತ್ತಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ನಮ್ಮದೆಷ್ಟು, ಬ್ಯಾಂಕಿನದೆಷ್ಟು, ನುಸಿಯ ಪಾಲೆಷ್ಟು ಎಂಬುದು ಮನೆ ನಡೆಸುವವಳಿಗೇ ಗೊತ್ತು.

ನಮ್ಮದು ಗದಗಿನಲ್ಲಿ ಸಣ್ಣ ಸಗಟು ಕಿರಾಣಿ ವ್ಯಾಪಾರ. ವಾರಕ್ಕೊಂದು ದಿನ ಶಿರಹಟ್ಟಿ-ಲಕ್ಷ್ಮೇಶ್ವರದ ಕಡೆ, ಇನ್ನೊಂದು ದಿನ ಮುಂಡರಗಿಯ ಕಡೆ ನಮ್ಮ ಟೆಂಪೋ ಹೋಗಿ ಸಣ್ಣ ಅಂಗಡಿಗಳಿಗೆ ಮಾಲು ಇಳಿಸಿ ಬರುತ್ತದೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಮಧ್ಯಾಹ್ನ ಊಟವಾದ ಮೇಲೆ ಕಿರ್ದಿ ಬರೆಯುವ ಕೆಲಸ. ಹದಿನೆಂಟು ವರ್ಷ ಬರೆದು ನಾನು ಕಲಿತ ಪಾಠ ಒಂದೇ: ಲಾಭ ಇರುವುದು ಚೀಲ ಪೇರಿಸುವುದರಲ್ಲಿ ಅಲ್ಲ, ಅದು ಬೇಗ ಬಾಗಿಲು ದಾಟುವುದರಲ್ಲಿ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. 50 ಕಿಲೋದ ಕಡಲೆಬೇಳೆ ಚೀಲ 4,000 ರೂಪಾಯಿಗೆ ಬಂತು ಅಂತಿಟ್ಟುಕೊಳ್ಳಿ. ಹಮಾಲಿ, ಟೆಂಪೋ ಖರ್ಚು ಕಳೆದು ನೂರಕ್ಕೆ ಎರಡು ಸಿಕ್ಕರೆ ನಮ್ಮ ಪುಣ್ಯ. ಅಂದರೆ ಚೀಲಕ್ಕೆ 80 ರೂಪಾಯಿ. 100 ಚೀಲಕ್ಕೆ ಹಾಕಿದ 4 ಲಕ್ಷದ ಮೇಲೆ 8,000. ಆ ಹಣ ಬ್ಯಾಂಕಿನ ಸಾಲದ್ದು. ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ 4,000 ಬಡ್ಡಿ. ಮಾಲು ಹದಿನೈದು ದಿನದಲ್ಲಿ ಹೋದರೆ 6,000 ಉಳಿಯಿತು. ಎರಡು ತಿಂಗಳು ಕೂತರೆ? ಬಡ್ಡಿಯೇ 8,000! ಗೋದಾಮಿನ ಬಾಡಿಗೆ, ಇಲಿ ಕಡಿದದ್ದು, ಎಲ್ಲ ನಮ್ಮ ಕೈಯಿಂದ. ಮಲಗಿದ ಚೀಲವೂ ದಿನಾ ಊಟ ಬೇಡುತ್ತದೆ ಎಂದು ನಾನನ್ನುವುದು ಇದಕ್ಕೇ.

ಕೆಲವು ವರ್ಷಗಳ ಹಿಂದೆ ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿಯ ಪೂಜೆಯಾದ ಮರುದಿನ ಮೈದುನ ಮಾತು ತೆಗೆದ: "ಕಡ್ಲಿಬ್ಯಾಳಿ ಏರೂದು ಗ್ಯಾರಂಟಿ ಐತಿ. ಇದ್ದ ನಾಕು ಲಕ್ಷನೂ ಅದಕ್ಕ ಹಾಕೂಣು, ಸಂಕ್ರಾಂತಿಗೆ ತಗಿಯೂಣು." ನಮ್ಮ ಮನೆಯವರಿಗೂ ಅರ್ಧ ಮನಸ್ಸು. ಆದರೆ ಅದೇ ಸಂಕ್ರಾಂತಿಗೆ ಮಗಳ ನರ್ಸಿಂಗ್ ಕಾಲೇಜಿನ ಎರಡನೇ ಕಂತು ಕಟ್ಟಬೇಕಿತ್ತು. ಹಣವೆಲ್ಲ ಚೀಲದಲ್ಲಿ ಸಿಕ್ಕಿಕೊಂಡರೆ ನನ್ನ ಪಾಟ್ಲಿಗಳು ಒತ್ತೆಗೆ ಹೋಗಬೇಕು, ಅಷ್ಟೇ.

ನಾನು ಕಿರ್ದಿ ತಂದು ಮುಂದಿಟ್ಟೆ. ಅಕ್ಕಿ, ರವೆ, ಅವಲಕ್ಕಿ, ಬೇಳೆ ಎಲ್ಲ ಕೂಡಿ ನಮ್ಮ ದುಡ್ಡು ಸುಮಾರು ಹದಿನೈದು ದಿನಕ್ಕೊಮ್ಮೆ ತಿರುಗುತ್ತದೆ. ಎರಡು ತಿಂಗಳಿಗೆ ನಾಲ್ಕು ಸುತ್ತು. ಸುತ್ತಿಗೆ 8,000ದಂತೆ 32,000. ಬಡ್ಡಿ ಎರಡಕ್ಕೂ ಒಂದೇ. ಬೇಳೆಯನ್ನು ಇಟ್ಟುಕೊಂಡು ಅಷ್ಟು ಗಳಿಸಬೇಕಾದರೆ ಕೊಂಡ ದರದ ಮೇಲೆ ಕಿಲೋಕ್ಕೆ 6 ರೂಪಾಯಿ 40 ಪೈಸೆ ಸಿಗಬೇಕು. ಅದಲ್ಲದೆ ಕಡಲೆ ನಮ್ಮ ಸೀಮೆಯ ಹಿಂಗಾರಿ ಬೆಳೆ. ಸಂಕ್ರಾಂತಿ ಕಳೆದರೆ ಹೊಸ ಮಾಲು ಎ.ಪಿ.ಎಂ.ಸಿ.ಗೆ ಬರತೊಡಗುತ್ತದೆ. ಆಗ ದರ ಇಳಿದರೆ? "ವೈನೀ, ನಿಮ್ಮದು ಅಡಗಿಮನಿ ಲೆಕ್ಕರಿ" ಎಂದ ಮೈದುನ. ಆದರೂ ಇವರು ಬೇಳೆ ಎಂದಿನಷ್ಟೇ ತಂದರು.

ದರ ಏರಿತು, ಸಹೋದರಿಯರೇ! ಸಂಕ್ರಾಂತಿಯ ಹೊತ್ತಿಗೆ ಕಿಲೋಕ್ಕೆ 4 ರೂಪಾಯಿ. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಇವರೇ ಕೂತು ಲೆಕ್ಕ ಹಾಕಿದರು. ಏರಿದ 4 ರೂಪಾಯಿ, ಎಂದಿನ 1 ರೂಪಾಯಿ 60 ಪೈಸೆ ಕೂಡಿ 28,000 ಆಗುತ್ತಿತ್ತು. ತಿರುಗಿದ ದುಡ್ಡು ತಂದದ್ದು 31,000 ಚಿಲ್ಲರೆ. ಮೇಲಾಗಿ ಫೀ ಕಟ್ಟಿಯಾಗಿತ್ತು. ಮೈದುನ ಈಗಲೂ "ಹತ್ತು ರೂಪಾಯಿ ಏರಿದ್ದರ?" ಅನ್ನುತ್ತಾನೆ. ಅದೂ ನಿಜವೇ. ಹಾಗೆ ಏರಿದ್ದರೆ ಅವನೇ ಗೆಲ್ಲುತ್ತಿದ್ದ. ಆದರೆ ಮಗಳ ಫೀ ಪಣಕ್ಕಿಟ್ಟು ಆಡುವ ಆಟವೇ ಅದು?

ಸರ್ಕಾರದ ಕೈಯೂ ನಡುವೆ ಬರುತ್ತದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದಿಗೆ ದಾಸ್ತಾನಿನ ಮಿತಿ ಹಾಕಿತು. ಸಗಟು ವ್ಯಾಪಾರಿಗೆ ಒಂದೊಂದಕ್ಕೆ 200 ಟನ್. ಸೆಪ್ಟೆಂಬರ್‌ನಲ್ಲಿ ಅದನ್ನು 50ಕ್ಕೆ ಇಳಿಸಿತು. 2024ರ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕಡಲೆಗೂ ಮಿತಿ ಬಂದಿತ್ತು. ನಮ್ಮಂಥ ಸಣ್ಣವರು ಆ ಮಿತಿಯ ಹತ್ತಿರವೂ ಹೋಗುವುದಿಲ್ಲ. ಆದರೆ ದೊಡ್ಡವರು ಮಾಲು ಹೊರಗೆ ಹಾಕಿ ದರ ಇಳಿದರೆ ಏಟು ನಮ್ಮ ಚೀಲಕ್ಕೂ ಬೀಳುತ್ತದೆ.

ಇನ್ನು ಗೋದಾಮಿನ ಮಾತು. ಬಂದ ಪ್ರತಿ ಚೀಲದ ಮೇಲೆ ತಾರೀಖು ಬರೆಸಿರಿ. ಹೊಸ ಮಾಲು ಹಿಂದೆ, ಹಳೆಯದು ಮುಂದೆ. ಮೊದಲು ಬಂದದ್ದು ಮೊದಲು ಹೋಗಬೇಕು. ನೆಲದ ಮೇಲೆ ಹಲಗೆ ಹಾಕಿ, ಗೋಡೆಗೆ ತಾಗದಂತೆ ಪೇರಿಸಿದರೆ ಮುಗ್ಗು ಹಿಡಿಯುವುದಿಲ್ಲ. ರವೆ, ಮೈದಾ ಬೇಗ ಹುಳ ಹಿಡಿಯುತ್ತವೆ, ಸ್ವಲ್ಪ ಸ್ವಲ್ಪವೇ ತರಿಸಿರಿ. ಎಷ್ಟು ತರಿಸಬೇಕೆಂಬುದನ್ನು ಹೆಂಗಸರೇ ಚೆನ್ನಾಗಿ ಬಲ್ಲರು! ನಾಗರ ಪಂಚಮಿಯ ಉಂಡಿಗೆ ಶೇಂಗಾ, ಪುಠಾಣಿ, ಎಳ್ಳು, ಬೆಲ್ಲ ಮೂರು ವಾರ ಮೊದಲೇ ಅಂಗಡಿ ಸೇರಬೇಕು. ಹಬ್ಬ ಕಳೆದ ಮೇಲೆ ಉಳಿದ ಬೆಲ್ಲ ಮಳೆಗಾಲದ ತಂಪಿಗೆ ನೀರೊಡೆಯುತ್ತ ಕೂಡುತ್ತದೆ.

ಉದ್ರಿ ಅನ್ನುವುದು ಊರೂರಲ್ಲಿ ಹರಡಿದ ನಮ್ಮ ಎರಡನೇ ಗೋದಾಮು. ಅಲ್ಲಿ ಕೂತ ಹಣಕ್ಕೂ ಬಡ್ಡಿ ಓಡುತ್ತದೆ. ಹಾಗಂತ ಕಟುವಾಗಲು ಬರುವುದಿಲ್ಲ. ರೈತನಿಗೆ ಹೆಸರು, ಶೇಂಗಾ ಮಾರಿದಾಗಲೇ ರೋಕ; ಅವನು ಕೊಟ್ಟರೆ ಹಳ್ಳಿ ಅಂಗಡಿಯವ, ಅಂಗಡಿಯವ ಕೊಟ್ಟರೆ ನಾವು. ಸಾಲದ ಈ ಸರಪಳಿ ನಮ್ಮ ಸೀಮೆಗೆ ಹೊಸದಲ್ಲ. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲೇ ಅಲ್ಲವೇ? ನಮ್ಮ ನಿಯಮ ಇಷ್ಟೇ: ಹಿಂದಿನ ಸರತಿಯ ಹಣ ಕೊಟ್ಟರೆ ಈ ಸರತಿಯ ಮಾಲು. ಮಳೆ ಕೈಕೊಟ್ಟ ವರ್ಷ ಒಂದು ಸರತಿ ಹೆಚ್ಚು ತಾಳುತ್ತೇವೆ. ಆದರೆ ಚೀಲದ ಲೆಕ್ಕ ಕಡಿಮೆ ಮಾಡುತ್ತೇವೆ.

ನಿಮ್ಮ ಮನೆಯಲ್ಲೂ ಸಣ್ಣದೋ ದೊಡ್ಡದೋ ಅಂಗಡಿ ಇದ್ದರೆ ತಿಂಗಳಿಗೊಮ್ಮೆ ಮೂರು ಪ್ರಶ್ನೆ ಕೇಳಿರಿ. ಯಾವ ಚೀಲ ತಿಂಗಳು ದಾಟಿ ಕೂತಿದೆ? ಯಾರ ಬಾಕಿ ಎರಡು ಸರತಿ ದಾಟಿದೆ? ಕೈಯಲ್ಲಿ ರೋಕ ಎಷ್ಟಿದೆ? ಮೊದಲ ಸಲ "ನಿನಗ್ಯಾಕ ಅದೆಲ್ಲಾ?" ಅಂದಾರು. ಸಿಟ್ಟಾಗಬೇಡಿ, ಮುಂದಿನ ತಿಂಗಳು ಮತ್ತೆ ಕೇಳಿರಿ. ಒಂದು ದಿನ ಕಿರ್ದಿಯನ್ನು ಅವರೇ ತಂದು ನಿಮ್ಮ ಮುಂದಿಡುತ್ತಾರೆ.