ಶಿರವಾಳದಲ್ಲಿ ಮೈಸೂರ ಮಲ್ಲಿಗೆ

ಕಾವ್ಯವನ್ನು ಓದುವ ಮೊದಲು ಅದಕ್ಕೆ ತಕ್ಕ ಅಧಿಕಾರವನ್ನು ಸಂಪಾದಿಸಬೇಕೆಂಬ ಮಾತು ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪಂಪನನ್ನು ಓದುವವನಿಗೆ ವ್ಯಾಕರಣ ಬೇಕು, ನಿಘಂಟು ಬೇಕು. ಷಡಕ್ಷರಿಯನ್ನು ಓದುವವನಿಗೆ ಇವೆರಡರೊಡನೆ ತಾಳ್ಮೆಯೂ ಬೇಕು. ಊರೂರಿನಲ್ಲಿ ಓದಿಸಿಕೊಂಡ ಕುಮಾರವ್ಯಾಸನಿಗೆ ಸಹ ಓದುವವನೊಬ್ಬ, ಪಕ್ಕದಲ್ಲಿ ಅರ್ಥ ಹೇಳುವವನೊಬ್ಬ ಎಂಬ ಏರ್ಪಾಡು ಇದ್ದಿತು. ಇಂಥ ಓದಿನ ಗೌರವ ದೊಡ್ಡದು. ಅದರ ಫಲವೂ ದೊಡ್ಡದು. ಆದರೆ ನಡುವೆ ಟೀಕಾಕಾರನನ್ನು ಕುಳ್ಳಿರಿಸದೆ, ಸೀದಾ ಪಡಸಾಲೆಗೆ ಬಂದು, ಅಡುಗೆಮನೆಯವರಿಗೂ ಕೇಳುವಂತೆ ಮಾತನಾಡುವ ಪುಸ್ತಕಗಳೂ ಕೆಲವುಂಟು. ಅವುಗಳ ಸಂಖ್ಯೆ ಬಹಳವಲ್ಲ. ಸುಲಭವಾಗಿ ತಿಳಿಯುವ ಪದ್ಯಗಳೆಷ್ಟೋ ಇವೆ. ತಿಳಿದ ಮೇಲೆ ಮತ್ತೆ ಓದಬೇಕೆನಿಸುವವು ಮಾತ್ರ ವಿರಳ.

ಆ ವಿರಳವಾದವುಗಳಲ್ಲಿ ಮೊದಲು ನೆನಪಿಗೆ ಬರುವುದು ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’. 1942ರಲ್ಲಿ ಅದು ಪ್ರಕಟವಾದಾಗ ಕವಿಗೆ ಇಪ್ಪತ್ತೇಳು ವರುಷ. ಮಂಡ್ಯ ಸೀಮೆಯ ಕೃಷ್ಣರಾಜಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದವರು. ಸರಕಾರಿ ಕಚೇರಿಯ ಗುಮಾಸ್ತಿಕೆಯಲ್ಲಿ ಜೀವನ ಸಾಗಿಸಿದವರು. 1936ರಲ್ಲಿ ಅವರ ವಿವಾಹವಾಗಿತ್ತು. ಪುಸ್ತಕದ ವಸ್ತುವೂ ಅದೇ: ಹೊಸದಾಗಿ ಮದುವೆಯಾದ ಗಂಡಹೆಂಡಿರ ಸಂಸಾರ, ಹೆಂಡತಿಯ ತವರು, ಗಂಡನ ಊರು, ಎರಡರ ನಡುವಣ ದಾರಿ. ರಾಜರಿಲ್ಲ, ಯುದ್ಧವಿಲ್ಲ, ಪುರಾಣದ ನಾಯಿಕೆಯರಿಲ್ಲ. ಸ್ಕಾಟ್ಲಂಡಿನ ರಾಬರ್ಟ್ ಬರ್ನ್ಸ್ ಕವಿಯ ಪ್ರೇಮಗೀತೆಗಳು ನರಸಿಂಹಸ್ವಾಮಿಯವರಿಗೆ ಬಹು ಪ್ರಿಯವಾದುವು, ಮುಂದೆ ಅವರು ಕೆಲವನ್ನು ಕನ್ನಡಕ್ಕೂ ತಂದರು. ಆದರೆ ಬರ್ನ್ಸನ ನಲ್ಲೆ ಹೊಲದ ಬದಿಯಲ್ಲಿ ಸಿಕ್ಕುವವಳು. ನರಸಿಂಹಸ್ವಾಮಿಯವರ ನಲ್ಲೆ ಹೊಸಿಲು ದಾಟಿ ಮನೆ ತುಂಬಿದವಳು. ಕೈಹಿಡಿದ ಹೆಂಡತಿಯನ್ನೇ ಪ್ರೇಮಕವಿತೆಗೆ ನಾಯಿಕೆಯಾಗಿಸುವುದು ಅಂದಿನ ಕಾವ್ಯದಲ್ಲಿ ಅಷ್ಟೇನೂ ರೂಢಿಯಾಗಿರಲಿಲ್ಲ.

ಈ ಪುಸ್ತಕವನ್ನು ಮೈಸೂರಿನಲ್ಲಿ ಓದುವುದು ಒಂದು ಬಗೆ. ಶಿರವಾಳದಲ್ಲಿ ಓದುವುದು ಇನ್ನೊಂದು. ಶಿರವಾಳವು ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಊರು. ಕೃಷ್ಣೆ ಭೀಮೆಗಳ ನಡುವಣ ಸೀಮೆ. ಜೋಳದ ರೊಟ್ಟಿಯ ನಾಡು. ರಾಷ್ಟ್ರಕೂಟ, ಚಾಲುಕ್ಯರ ಕಾಲದ ಕಲ್ಲುಗುಡಿಗಳು ಅಲ್ಲಿ ಎಷ್ಟೋ ಉಳಿದುಕೊಂಡಿವೆ. 1942ರಲ್ಲಿ ಈ ಊರು ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಒಳಪಟ್ಟಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ಶಾಲೆಗಳ ಭಾಷೆ ಉರ್ದು. ಮೈಸೂರೆಂದರೆ ಆಗ ಬೇರೊಬ್ಬ ಅರಸರ ದೂರದ ಸಂಸ್ಥಾನ. 1948ರ ಸಪ್ಟೆಂಬರದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು; 1956ರಲ್ಲಿ ಈ ಸೀಮೆ ಕನ್ನಡದ ರಾಜ್ಯವನ್ನು ಸೇರಿತು. ಆ ರಾಜ್ಯಕ್ಕೂ ಮೈಸೂರೆಂಬ ಹೆಸರೇ ಇದ್ದುದರಿಂದ ಉತ್ತರದವರ ಮನಸ್ಸಿಗೆ ಅದು ಒಗ್ಗಲಿಲ್ಲ. 1973ರಲ್ಲಿ ಹೆಸರು ಬದಲಾಗಿ ಕರ್ನಾಟಕವಾಯಿತು. ಪುಸ್ತಕದ ಹೆಸರು ಮಾತ್ರ ಮೈಸೂರ ಮಲ್ಲಿಗೆಯಾಗಿಯೇ ಉಳಿಯಿತು. ಅದನ್ನು ಬದಲಿಸಬೇಕೆಂದು ಯಾರಿಗೂ ತೋರಲಿಲ್ಲ.

ಹೊರಗಿನದಾದ ಈ ಮಲ್ಲಿಗೆ ಜೋಳದ ನಾಡಿನ ಓದುಗನಿಗೆ ತನ್ನದೆನಿಸುವುದು ಹೇಗೆ? ಮೊದಲ ಓದಿನಲ್ಲಿ ಎಡವುವ ಸ್ಥಳಗಳು ಇಲ್ಲದಿಲ್ಲ. ಮೈಸೂರು ಸೀಮೆಯ ಶಾನುಭೋಗರು ಇಲ್ಲಿ ಕುಲಕರ್ಣಿಗಳು. ಅಲ್ಲಿಯ ಪಟೇಲರು ಇಲ್ಲಿ ಮಾಲಿಪಾಟೀಲರು. ಅಲ್ಲಿಯ ಹಿತ್ತಿಲು, ತೋಟ, ಹೊಳೆಯ ಹಸುರು ಇಲ್ಲಿಯ ಬೇಸಗೆಯಲ್ಲಿ ಕುಳಿತವನಿಗೆ ಕಥೆಯಂತೆ ತೋರಬಹುದು. ಆದರೆ ಶಾನುಭೋಗರ ಮಗಳನ್ನು ಕುಲಕರ್ಣಿಯವರ ಮಗಳೆಂದುಕೊಳ್ಳುವುದಕ್ಕೆ ಓದುಗನಿಗೆ ಎಷ್ಟು ಹೊತ್ತು ಬೇಕು? ಪದ್ಯಗಳಲ್ಲಿ ಹೆಂಡತಿಯ ತವರಿಗೆ ನವಿಲೂರೆಂದೂ ಗಂಡನ ಊರಿಗೆ ಹೊನ್ನೂರೆಂದೂ ಹೆಸರು. ಅವನ್ನು ಯಾರೂ ನಕ್ಷೆಯಲ್ಲಿ ಹುಡುಕಬೇಕಾಗಿಲ್ಲ. ಯಾವ ಊರು ಚೆಂದವೆಂದು ಗಂಡನು ಕನಸಿನಲ್ಲಿ ಹೆಂಡತಿಯನ್ನು ಕೇಳುವ ಪದ್ಯವನ್ನು ಓದುವಾಗ, ಶಹಾಪುರದಿಂದ ಶಿರವಾಳಕ್ಕೆ ಬಂದ ಸೊಸೆಗೂ, ಶಿರವಾಳದಿಂದ ಸುರಪುರಕ್ಕೆ ಹೋದ ಮಗಳಿಗೂ ತಂತಮ್ಮ ಊರುಗಳೇ ಕಣ್ಣೆದುರು ನಿಲ್ಲುವುವು.

ಇದಕ್ಕಿಂತ ಆಳವಾದ ಕಾರಣವೊಂದುಂಟು. ಸಂಸಾರದ ಒಲವನ್ನು ಪದ್ಯದಲ್ಲಿ ಹೇಳುವ ಪದ್ಧತಿ ಈ ಸೀಮೆಯ ಮನೆಗಳಿಗೆ ಹೊಸದಾಗಿರಲಿಲ್ಲ. ಹೆಂಡತಿಯು ಗಂಡನ ಹೆಸರನ್ನು ಬಾಯಿಂದ ಆಡಬಾರದೆಂಬ ಕಟ್ಟಳೆ ಇದ್ದ ಮನೆಗಳಲ್ಲೇ, ಆ ಹೆಸರನ್ನು ಪ್ರಾಸದೊಳಗಿಟ್ಟು ಹೇಳುವ ಒಡಪಿನ ಸಂಪ್ರದಾಯವೂ ಬೆಳೆಯಿತು. ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳಿದ ಹೊರತು ಒಳಗೆ ಬಿಡೆವೆಂದು ಹಟ ಹಿಡಿಯುವರು. ಮದುಮಗಳು ತಲೆ ತಗ್ಗಿಸಿ, ಹೂವಿನದೋ ಹಣ್ಣಿನದೋ ಮಾತೆತ್ತಿ, ಸಾಲಿನ ಕೊನೆಯಲ್ಲಿ ಹೆಸರನ್ನು ತೇಲಿಸಿಬಿಡುವಳು. ನೇರವಾಗಿ ಆಡಿದರೆ ನಾಚಿಕೆಗೇಡೆನಿಸುವ ಮಾತು ಪ್ರಾಸದಲ್ಲಿ ಬಂದಾಗ ಎಲ್ಲರಿಗೂ ನಗೆಯನ್ನು ತರುವುದು. ಕವಿತೆಯಿಂದ ಆಗಬಹುದಾದ ಉಪಕಾರಗಳಲ್ಲಿ ಇದು ಚಿಕ್ಕದೇನಲ್ಲ.

ಒಡಪಿಗಿಂತ ದೊಡ್ಡ ಸಂಪತ್ತು ಬೀಸುವ ಕಲ್ಲಿನ ಹಾಡು. ಭೀಮೆಯ ಬಯಲಿನಲ್ಲಿಯೇ ಇರುವ ಹಲಸಂಗಿಯ ಗೆಳೆಯರು ಇಂಥ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಆ ಗೆಳೆಯರು ಹೊರತಂದ ಇನ್ನೊಂದು ಸಂಗ್ರಹದ ಹೆಸರು ‘ಮಲ್ಲಿಗೆ ದಂಡೆ’. ಮೈಸೂರಿನ ಮಲ್ಲಿಗೆ ಅಚ್ಚಾಗುವ ಮುನ್ನವೇ ಉತ್ತರದಲ್ಲಿ ಈ ಹೂವಿನ ದಂಡೆ ಕಟ್ಟಿಯಾಗಿತ್ತೆಂಬುದು ಸೋಜಿಗದ ಸಂಗತಿ. ನಸುಕಿನಲ್ಲಿ ಜೋಳ ಬೀಸುತ್ತ ಹೆಣ್ಣುಮಗಳು ತವರನ್ನು ಹಾಡಿದಳು, ಅಣ್ಣತಮ್ಮಂದಿರನ್ನು ಹಾಡಿದಳು, ತೊಟ್ಟಿಲ ಕೂಸನ್ನು ಹಾಡಿದಳು, ಗಂಡನ ಒಲವನ್ನೂ ಮುನಿಸನ್ನೂ ಹಾಡಿದಳು. ಕೇಳುವುದಕ್ಕೆ ಎದುರಿಗಿದ್ದುದು ಕಲ್ಲು. ಗಂಡನು ಪಡಸಾಲೆಯಲ್ಲಿ ಮಲಗಿಯೇ ಕೇಳಿದ್ದಾನು. ಆದರೆ ಆ ಹಾಡುಗಳಲ್ಲಿ ಅವನ ಉತ್ತರವಿಲ್ಲ. ತಲೆಮಾರುಗಳ ಕಾಲ ಒಂದೇ ಕಡೆಯಿಂದ ನಡೆದ ಸಂಭಾಷಣೆಯದು.

‘ಮೈಸೂರ ಮಲ್ಲಿಗೆ’ಯಲ್ಲಿ ಆ ಉತ್ತರ ಬರುತ್ತದೆ. ಶಿರವಾಳದಂಥ ಊರಿನ ಓದುಗರಿಗೆ ಈ ಪುಸ್ತಕದಿಂದ ದೊರೆಯುವ ವಿಶೇಷ ಸುಖದ ಮೂಲ ಇದೇ. ಇಲ್ಲಿಯ ಗಂಡಸು ತಾನು ಕಾಯುತ್ತಿದ್ದೇನೆಂದು ಒಪ್ಪಿಕೊಳ್ಳುತ್ತಾನೆ. ಹೆಂಡತಿ ತವರಿಗೆ ಹೋದ ಮೇಲೆ ಮನೆ ಬರಿದಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಗಂಡನಾದವನು ಹೆಂಡತಿಯ ಮೇಲಣ ಒಲವನ್ನು ಹಿರಿಯರೆದುರಿನಲ್ಲಿ ತೋರಗೊಡುವುದು ಅಗೌರವವೆಂದು ಎಣಿಸಿದ ಮನೆತನಗಳಲ್ಲಿ, ಆ ಒಲವನ್ನು ಇಷ್ಟು ಮರ್ಯಾದೆಯಿಂದಲೂ ಇಷ್ಟು ಸಲಿಗೆಯಿಂದಲೂ ಆಡಬಹುದೆಂದು ತೋರಿಸಿಕೊಟ್ಟ ಪುಸ್ತಕವಿದು. ಹೆಣ್ಣಿನ ದನಿಯೂ ಇಲ್ಲಿ ಅಡಗಿಲ್ಲ. ತವರಿನಿಂದ ಗಂಡನಿಗೆ ಓಲೆ ಬರೆಯುವ ಹೆಂಡತಿ, ತಾನು ಅವನನ್ನು ಮರೆತಳೆಂಬ ಅಪವಾದವನ್ನು ಮೃದುವಾಗಿ ತಳ್ಳಿಹಾಕುತ್ತಾಳೆ. ಬೀಸುವ ಕಲ್ಲಿಗೆ ಹೇಳುತ್ತಿದ್ದ ಮಾತು ಇಲ್ಲಿ ಹೇಳಬೇಕಾದವನಿಗೇ ತಲುಪಿತು.

ಬಳೆಗಾರ ಚೆನ್ನಯ್ಯನ ಪದ್ಯವನ್ನೇ ನೋಡಬಹುದು. ಬಳೆಗಾರನು ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಲು ಅಪ್ಪಣೆ ಕೇಳುತ್ತಾನೆ. ಆದರೆ ಅವನು ಕರೆಯುವುದು ಮನೆಯೊಡತಿಯನ್ನಲ್ಲ, ಯಜಮಾನನನ್ನು. ಬಳೆ ತೊಡಿಸುವ ಕೆಲಸ ಅಲ್ಲಿಲ್ಲ; ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಹೊತ್ತು ಬಂದಿದ್ದಾನೆ. ಊರಿಂದೂರಿಗೆ ತಿರುಗುವ ಬಳೆಗಾರನು ಹೆಣ್ಣುಮಕ್ಕಳ ಸುಖದುಃಖಗಳನ್ನು ತವರಿಗೆ ಮುಟ್ಟಿಸುವುದು ಕನ್ನಡದ ಜಾನಪದದಲ್ಲಿ ಹಳೆಯ ಮಾತು. ಕವಿ ಆ ದಾರಿಯನ್ನೇ ತಿರುವಿದ್ದಾರೆ. ತವರಿನ ಕಡೆಯಿಂದ ಹೊರಟವನು ಗಂಡನ ಬಾಗಿಲಿಗೆ ಬಂದನು. ಬಳೆಯ ಮಲಾರವನ್ನು ಕಂಡು ಬೆಳೆದ ಯಾವ ಊರಿನವರಿಗೂ ಈ ತಿರುವು ವಿವರಣೆಯಿಲ್ಲದೆ ತಿಳಿಯುತ್ತದೆ.

ಸುಲಭವೆಂದರೆ ಎಲ್ಲವನ್ನೂ ಬಿಚ್ಚಿ ಹೇಳುವುದೆಂದು ಭಾವಿಸುವವರು, ಅಳಿಯನು ಇರುಳಿನಲ್ಲಿ ಮಾವನ ಮನೆಗೆ ಬರುವ ಪ್ರಸಿದ್ಧ ಪದ್ಯವನ್ನು ಇನ್ನೊಮ್ಮೆ ಓದಬೇಕು. ಬಂದವನಿಗೆ ಉಪಚಾರಕ್ಕೆ ಕೊರತೆಯಿಲ್ಲ. ನಾದಿನಿಯ ನಗೆಗೂ ಕೊರತೆಯಿಲ್ಲ. ಅವನು ಯಾರಿಗಾಗಿ ಬಂದನೋ ಅವಳು ಮಾತ್ರ ಕಾಣಳು. ಏಕೆಂಬುದನ್ನು ಕವಿ ಒಂದೇ ಮಾತಿನಲ್ಲಿ ಸೂಚಿಸಿ ಮುಂದೆ ಸಾಗುತ್ತಾರೆ. ತಿಂಗಳಿಗೊಮ್ಮೆ ಮೂರು ದಿನ ಹೆಣ್ಣುಮಕ್ಕಳು ದೂರ ಕೂಡಬೇಕಾದ ಕಟ್ಟಳೆಯನ್ನು ಬಲ್ಲ ಮನೆಯವರಿಗೆ ಆ ಮಾತು ತಟ್ಟನೆ ಹೊಳೆದು ನಗೆ ತರಿಸುವುದು. ಅರಿಯದ ಎಳೆಯರು ಬೇರೆ ಏನೋ ಕಾರಣವಿದ್ದೀತೆಂದು ಹಾಡಿಕೊಂಡು ಹೋಗುವರು. ಆ ಹಾಡನ್ನು ಹುಡುಗಿಯಾಗಿದ್ದಾಗ ಕಲಿತು, ಮದುವೆಯಾದ ಎಷ್ಟೋ ದಿನಗಳ ಮೇಲೆ ಅರ್ಥ ಮಾಡಿಕೊಂಡವರು ಕನ್ನಡನಾಡಿನಲ್ಲಿ ಕಡಮೆಯಿರಲಾರರು. ಒಂದೇ ಪದ್ಯ ಒಂದೇ ಮನೆಯೊಳಗೆ ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿನಲ್ಲಿ ತೆರೆದುಕೊಳ್ಳುವುದು ಪಾಂಡಿತ್ಯದ ಕಾವ್ಯಕ್ಕೂ ಸುಲಭಸಾಧ್ಯವಲ್ಲ.

ಪುಸ್ತಕದ ಲೋಕ ಚಿಕ್ಕದೆಂಬ ಆಕ್ಷೇಪಣೆ ಬಂದಿದೆ. ಅದರಲ್ಲಿ ಸತ್ಯಾಂಶವಿಲ್ಲವೆನ್ನುವಂತಿಲ್ಲ. ಉಂಡುಟ್ಟು ಸುಖವಾಗಿರುವ, ಬಡತನವು ಬಾಗಿಲವರೆಗೆ ಬಂದರೂ ಒಳಗೆ ಹೆಜ್ಜೆಯಿಡದ ಮನೆಗಳ ಚಿತ್ರಗಳೇ ಇಲ್ಲಿ ಹೆಚ್ಚು. ಬರಗಾಲವನ್ನು ಕಂಡ ಸೀಮೆಯವರಿಗೆ ಇದು ಕೊಂಚ ಹಿತಮಿತದ ಸಂಸಾರವಾಗಿ ಕಂಡರೆ ಆಶ್ಚರ್ಯವಿಲ್ಲ. ಯಾದಗಿರಿ ಜಿಲ್ಲೆಯ ಎಷ್ಟೋ ಬಡ ಕುಟುಂಬಗಳಲ್ಲಿ ಗಂಡಹೆಂಡಿರ ಅಗಲಿಕೆ ತವರಿನ ಕಾರಣದಿಂದ ಬಂದುದಲ್ಲ. ಕೂಲಿಯನ್ನರಸಿ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವುದರಿಂದ ಬಂದುದು. ಆ ಅಗಲಿಕೆಗೆ ಮಲ್ಲಿಗೆಯ ಪದ್ಯಗಳಲ್ಲಿ ಸ್ಥಳವಿಲ್ಲ. ಕವಿ ತಾವು ಬಲ್ಲ ಮನೆಯನ್ನು ಕುರಿತು ಬರೆದರು. ಅರಿಯದ ಮನೆಯೊಳಗೆ ನುಗ್ಗಲಿಲ್ಲ. ಇದನ್ನು ದೋಷವೆನ್ನುವುದಕ್ಕಿಂತ ಎಲ್ಲೆಯೆನ್ನುವುದು ನ್ಯಾಯ. ಗುಳೆ ಹೋದ ಮನೆಗಳಿಗೂ ಒಬ್ಬ ಚೆನ್ನಯ್ಯ ಬೇಕಾಗಿದ್ದಾನೆಂಬುದು ಬೇರೆ ಮಾತು.

ಇನ್ನೊಂದು ಆಕ್ಷೇಪಣೆ ಪಂಡಿತರದು. ನವ್ಯಕಾವ್ಯದ ಕಾಲ ಬಂದಾಗ, ಬದುಕಿನ ತೊಡಕನ್ನು ಬಿಟ್ಟು ಸವಿಯನ್ನಷ್ಟೇ ಹಿಡಿದ ಇಂಥ ಪದ್ಯಗಳನ್ನು ಕಡೆಗಣ್ಣಿನಿಂದ ನೋಡುವುದು ಒಂದು ಬಗೆಯ ಶಿಷ್ಟಾಚಾರವಾಯಿತು. ನರಸಿಂಹಸ್ವಾಮಿಯವರೂ ಮಲ್ಲಿಗೆಯಲ್ಲಿಯೇ ನಿಂತವರಲ್ಲ. 1958ರ ‘ಶಿಲಾಲತೆ’ಯಲ್ಲಿ ಅವರ ದಾರಿ ಬೇರೆಯಾಯಿತು, ‘ತೆರೆದ ಬಾಗಿಲು’ ಎಂಬ ಸಂಗ್ರಹಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿಮರ್ಶಕರು ಹೆಚ್ಚು ಪಕ್ವವೆಂದು ಎಣಿಸುವುದು ಆ ಹಿಂದಿನ ಮಲ್ಲಿಗೆಯನ್ನಲ್ಲ, ಈ ಮುಂದಿನ ಕವಿತೆಗಳನ್ನೇ. ಅವರ ತೀರ್ಮಾನದಲ್ಲಿ ತಪ್ಪೇನೂ ಇಲ್ಲ. ಆದರೂ 2003ರಲ್ಲಿ ಕವಿ ತೀರಿಕೊಂಡಾಗ ನಾಡು ಅವರನ್ನು ಮಲ್ಲಿಗೆಯ ಕವಿಯೆಂದೇ ನೆನೆಯಿತು. ಮನೆಗಳು ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡಿದ್ದುವು.

ಹಾಡುಗಾರರು ಈ ಪದ್ಯಗಳಿಗೆ ರಾಗ ಹಾಕಿದರು. ಧ್ವನಿಸುರುಳಿಗಳಲ್ಲಿ ಅವು ಮನೆಮನೆಗೆ ಬಂದುವು; 1990ರ ದಶಕದ ಮೊದಲಲ್ಲಿ ಟಿ. ಎಸ್. ನಾಗಾಭರಣರು ಇದೇ ಹೆಸರಿನ ಚಲನಚಿತ್ರವನ್ನೂ ಮಾಡಿದರು. ಇದರಿಂದ ಆದ ಉಪಕಾರ ಬಹಳ. ಚಿಕ್ಕದೊಂದು ನಷ್ಟವೂ ಆಯಿತು. ಹಾಡಾದ ಹತ್ತಾರು ಪದ್ಯಗಳು ಎಲ್ಲರ ನಾಲಗೆಯ ಮೇಲೆ ನಿಂತು, ಹಾಡಾಗದ ಉಳಿದವು ಪುಸ್ತಕದಲ್ಲಿಯೇ ಉಳಿದುವು. ಹಾಡಿನಲ್ಲಿ ಕೇಳಿದ ಪದ್ಯವನ್ನು ಅಚ್ಚಿನಲ್ಲಿ ಓದುವುದು ಕೂಡ ಹೊಸ ಅನುಭವವೇ. ರಾಗವು ಓಡಿಸಿಕೊಂಡು ಹೋದ ಕಡೆ ಕಣ್ಣು ನಿಲ್ಲುವುದು. ವಾದ್ಯದ ಸದ್ದಿನಲ್ಲಿ ಅಡಗಿದ್ದ ಒಂದು ಚಿಕ್ಕ ಹಾಸ್ಯ ಮೇಲೆದ್ದು ಕಾಣುವುದು. ಆದುದರಿಂದ ಹಾಡುಗಳನ್ನೆಲ್ಲ ಬಲ್ಲೆವೆಂದು ಪುಸ್ತಕವನ್ನು ಕೊಳ್ಳದೆ ಇರುವವರು ತಮ್ಮ ಸುಖದ ಅರ್ಧವನ್ನು ತಾವೇ ಬಿಟ್ಟುಕೊಟ್ಟಂತೆ.

ಇಂಥ ಪುಸ್ತಕವನ್ನು ಗಟ್ಟಿಯಾಗಿಯೇ ಓದಬೇಕು, ಓದುವವರು ತಮ್ಮ ಊರಿನ ನಾಲಗೆಯಲ್ಲಿಯೇ ಓದಬೇಕು. ಇದಕ್ಕೆ ಛಂದಸ್ಸಿನ ಅಡ್ಡಿಯಿಲ್ಲ. ಮೈಸೂರಿನ ‘ಮನೆ’ ಶಿರವಾಳದ ಬಾಯಲ್ಲಿ ‘ಮನಿ’ಯಾಗುತ್ತದೆ, ಎರಡಕ್ಕೂ ಎರಡೇ ಮಾತ್ರೆ. ಪುಸ್ತಕದ ‘ತೌರು’ ಇಲ್ಲಿ ‘ತವರು’. ಅಲ್ಲಿಯೂ ಮೂರು ಮಾತ್ರೆ, ಇಲ್ಲಿಯೂ ಮೂರು. ಸಾಲಿನ ಕೊನೆಯ ಎಕಾರಗಳೆಲ್ಲ ಒಟ್ಟಿಗೆ ಇಕಾರಗಳಾಗುವುದರಿಂದ ಅಂತ್ಯಪ್ರಾಸವೂ ಕೆಡುವುದಿಲ್ಲ. ಶಿರವಾಳದ ಅಜ್ಜಿಯೊಬ್ಬಳು ಮೊಮ್ಮಗಳ ಬಾಯಿಂದ ಇವನ್ನು ಕೇಳಿದರೆ, ಯಾವ ಊರಿನ ಹಾಡೆಂದು ವಿಚಾರಿಸದೆ, ಮುಂದಿನ ನುಡಿ ಏನೆಂದು ಕೇಳುವಳು.